ದುರಾಸೆ ಕೆಟ್ಟದ್ದು ಅನ್ನೋಕೆ ಅಷ್ಟು ದಪ್ಪ ಪುಸ್ತಕ ಬೇಕಾ?

ತೀರ್ಥಹಳ್ಳಿ ಕಡೆ ಅಡಿಕೆ ತೋಟ ಮಾಡಿಕೊಂಡಿರುವವನು ತಿಮಿಂಗಿಲ ಬೇಟೆಯ ಇಂಗ್ಲಿಷ್ ಕಾದಂಬರಿ 'ಮೋಬಿ ಡಿಕ್' ಓದುತ್ತಾನೆ ಅಂದರೆ ಜನಕ್ಕೆ ತಮಾಷೆ. ಸಮುದ್ರದ ತಿಮಿಂಗಿಲ ಕಟ್ಟಿಕೊಂಡು ನಿಮಗೇನಾಗಬೇಕು ಮಾರಾಯ್ರೇ, ದುರಾಸೆ ಕೆಟ್ಟದ್ದು ಅಂತ ಅಜ್ಜಿ ಹೇಳಿಲ್ವಾ, ಅಂತ ಕೇಳುತ್ತಾರೆ. ಹೇಳಿದ್ದಾರೆ. ಆದರೆ ಈ ಕಾದಂಬರಿ ಹೇಳುವುದು ಅದನ್ನಲ್ಲ.

ಅಮೆರಿಕದ ಹರ್ಮನ್ ಮೆಲ್ವಿಲ್ ಬರೆದ ಇದು ಅಚ್ಚಾದದ್ದು 1851ರಲ್ಲಿ. ಆಗ ತಿಮಿಂಗಿಲದ ಎಣ್ಣೆಗೆ ಒಳ್ಳೆ ಬೆಲೆ, ದೀಪ ಉರಿಸೋಕೆ ಅದನ್ನು ಬಳಸುತ್ತಿದ್ದರು. ಅಮೆರಿಕದ ನಾಂಟುಕೆಟ್ ಬಂದರಿನಿಂದ ಹೊರಟ ಪೀಕ್ವಾಡ್, ಲಾಭಕ್ಕಾಗಿಯೇ ತಿಮಿಂಗಿಲ ಬೇಟೆಯಾಡುವ ಹಡಗು. ಕೆಲಸದವರಿಗೆ ಸಂಬಳ ಇಲ್ಲ, ಲಾಭದಲ್ಲಿ ಪಾಲು. ಕಥೆ ಹೇಳುವ ಇಷ್ಮಾಯೆಲ್‌ಗೆ ಸಿಕ್ಕಿದ್ದು ಮುನ್ನೂರರಲ್ಲಿ ಒಂದು ಪಾಲು. ಕ್ಯಾಪ್ಟನ್ ಅಹಾಬ್‌ಗೆ ಮಾತ್ರ ಎಣ್ಣೆಯೂ ಬೇಡ, ಲಾಭವೂ ಬೇಡ. ತನ್ನ ಕಾಲು ಕಿತ್ತ ಆ ಬಿಳಿ ತಿಮಿಂಗಿಲ ಸಾಯಬೇಕು, ಅಷ್ಟೇ.

ಅವನು ಎಲ್ಲರನ್ನೂ ಸೇರಿಸಿ, ಹದಿನಾರು ಡಾಲರಿನ ಚಿನ್ನದ ನಾಣ್ಯವೊಂದನ್ನು ಹಡಗಿನ ಕಂಬಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಾನೆ. ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆ ಇದು ಅಂತಾನೆ. ಎಲ್ಲರೂ ಕೂಗಾಡುತ್ತಾರೆ. ಹಡಗಿನಲ್ಲಿ ಕ್ಯಾಪ್ಟನ್ ನಂತರದ ಅಧಿಕಾರಿ ಸ್ಟಾರ್‌ಬಕ್ ಒಬ್ಬ ಕೇಳುತ್ತಾನೆ: ನಿಮ್ಮ ಸೇಡಿನಿಂದ ಎಷ್ಟು ಪೀಪಾಯಿ ಎಣ್ಣೆ ಬರುತ್ತೆ, ನಮ್ಮ ಮಾರುಕಟ್ಟೆಯಲ್ಲಿ ಅದಕ್ಕೇನು ಬೆಲೆ?

ನೋಡಿ, ಅಲ್ಲಿ ದುಡ್ಡಿನ ಮಾತಾಡಿದವನೇ ಬುದ್ಧಿ ನೆಟ್ಟಗಿರುವವನು! ದುರಾಸೆಗೆ ಒಂದು ಲೆಕ್ಕ ಇರುತ್ತೆ, ಹಠಕ್ಕೆ ಇಲ್ಲ. ರಾಶಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿದಾಗಲೂ ಇನ್ನೂ ಏರಲಿ ಅಂತ ಚೀಲ ಕಟ್ಟಿಟ್ಟವರು ಇದ್ದರು, ದರ ಇಳಿಯೋಕೆ ಶುರುವಾದ ಕೂಡಲೇ ಅವರೇ ಗಾಡಿಗೆ ಹೇರಿ ಶಿವಮೊಗ್ಗಕ್ಕೆ ಕಳಿಸಿದರು. ಅವರನ್ನು ನಾನು ಬೈಯಲ್ಲ. ಬೇಲಿ ತಕರಾರು ನೋಡಿ, ಅದು ಬೇರೆ ಜಾತಿ. ದಾಯಾದಿ ಒತ್ತಿಕೊಂಡ ಎರಡು ಗುಂಟೆ ಜಾಗಕ್ಕೆ ಎಕರೆಗಟ್ಟಲೆ ತೋಟ ಮಾರಿ ಕೋರ್ಟಿಗೆ ಸುರಿದವರು ನಮ್ಮ ಸೀಮೆಯ ಊರೂರಲ್ಲೂ ಸಿಗುತ್ತಾರೆ. ಎಲೆಚುಕ್ಕೆ ರೋಗಕ್ಕೆ ಮರಗಳು ಸೊರಗುತ್ತಿದ್ದರೂ ಔಷಧಿ ಹೊಡೆಸೋಕೆ ಪುರುಸೊತ್ತಿಲ್ಲ, ಯಾಕಂದ್ರೆ ಇವತ್ತು ವಾಯಿದೆ ಇದೆ. ಆ ಎರಡು ಗುಂಟೆಯಲ್ಲಿ ಎಷ್ಟು ಅಡಿಕೆ ಬೆಳೀತದೆ ಅಂತ ಕೇಳಿದರೆ ನಿಮ್ಮ ಜೊತೆಗೂ ಮಾತು ಬಿಡುತ್ತಾರೆ.

ಮತ್ತೆ ಇಂಥವರು ಒಬ್ಬರೇ ಹೋಗೋದಿಲ್ಲ. ಸಾಕ್ಷಿ ಹೇಳುವವನಿಗೆ ಜೀಪು, ಊಟ. ಅಳತೆಗೆ ಬಂದವನಿಗೆ ಕೈಬೆಚ್ಚಗೆ. ಸಾಲ ಕೊಡುವವನಿಗೆ ಬಡ್ಡಿ. ಹಠ ಒಬ್ಬನದು, ಅದನ್ನು ಹೊತ್ತು ನಡೆಸುವುದು ಉಳಿದವರ ಸಣ್ಣಪುಟ್ಟ ಆಸೆ. ಅಹಾಬ್‌ಗೆ ಇದು ಚೆನ್ನಾಗಿ ಗೊತ್ತು. ಈ ಹಡಗಿನವರ ದುಡ್ಡಿನ ಆಸೆಯನ್ನು ಪೂರ್ತಿ ಕಿತ್ತುಕೊಂಡರೆ ಇವರು ನನ್ನ ಮೇಲೇ ತಿರುಗಿ ಬೀಳುತ್ತಾರೆ ಅಂತ ಅವನು ಲೆಕ್ಕ ಹಾಕುತ್ತಾನೆ, ಅದಕ್ಕೇ ದಾರಿಯಲ್ಲಿ ಬೇರೆ ತಿಮಿಂಗಿಲಗಳ ಬೇಟೆಯನ್ನೂ ನಿಲ್ಲಿಸೋದಿಲ್ಲ.

ನನಗೆ ಅಹಾಬ್‌ಗಿಂತ ಸ್ಟಾರ್‌ಬಕ್ ಮೇಲೆಯೇ ಸಿಟ್ಟು ಜಾಸ್ತಿ. ಎಲ್ಲ ಗೊತ್ತಿದ್ದವನು. ಮಲಗಿದ್ದ ಕ್ಯಾಪ್ಟನ್‌ನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು, ಕೊನೆಗೆ ಅದನ್ನು ಇದ್ದಲ್ಲೇ ಇಟ್ಟು ಬರುತ್ತಾನೆ. ಗುಂಡು ಹಾರಿಸಬೇಕಿತ್ತು ಅಂತಲ್ಲ. ಆದರೆ ಅಲ್ಲಿಂದ ಮುಂದೆ ಬಾಯಲ್ಲಿ ಬೇಡ ಬೇಡ ಅನ್ನುತ್ತಲೇ ಹೇಳಿದ್ದನ್ನು ಮಾಡುತ್ತಾ ಹೋದದ್ದು ಯಾಕೆ?

ಇನ್ನು ಆ ನಾಣ್ಯ ಯಾರಿಗೂ ಸಿಗಲಿಲ್ಲ. ತಿಮಿಂಗಿಲವನ್ನು ಮೊದಲು ಕಂಡವನು ನಾನೇ, ನಾಣ್ಯ ನನ್ನದೇ, ಅಂದುಬಿಟ್ಟ ಅಹಾಬ್. ಅದನ್ನು ಅಟ್ಟಿಸಿಕೊಂಡು ಹೋದ ಮೂರನೇ ದಿನ ಹಡಗು ಮುಳುಗಿತು, ಇಷ್ಮಾಯೆಲ್ ಒಬ್ಬ ಉಳಿದ.

ಓದೋದಾದರೆ ತಿಮಿಂಗಿಲದ ಮೂಳೆ, ಚರ್ಮ ಅಂತ ಬರುವ ಅಧ್ಯಾಯಗಳನ್ನು ಹಾರಿಸಿ, ಪರವಾಗಿಲ್ಲ. 36ನೆಯದನ್ನು ಮಾತ್ರ ಬಿಡಬೇಡಿ, ನಾಣ್ಯ ಹೊಡೆಯೋದು ಅಲ್ಲೇ.