ಆ ಮೇಕೆಗಳ ಕಾಯಿಲೆಯೇ ನಿಮಗೂ ಇರುವುದೇ?

ಶಿರಾ ಸೀಮೆಯಲ್ಲಿ ಮೇಕೆ ಸಾಕದ ಊರು ಸಿಗುವುದು ಕಷ್ಟ, ಹಾಗಾಗಿ ಬೆಚ್ಚಿದೊಡನೆ ಕಾಲು ಸೆಟೆದು ಉರುಳುವ ಅಮೆರಿಕದ ಮೇಕೆಗಳ ವಿಡಿಯೊ ಇಲ್ಲಿ ಯಾರ ಮೊಬೈಲಿಗೆ ಬಂದರೂ ಕೊನೆಗೆ ನನ್ನ ಬಳಿಗೆ ಬಂದೇ ಬರುತ್ತದೆ, ಜೊತೆಗೆ ಒಂದು ಪ್ರಶ್ನೆಯೂ: "ನಿಮಗಿರುವುದು ಇದೇ ಅಲ್ಲವೇ, ಮೇಕೆಯಿಂದ ಅಂಟಿತೇ?" ಕಾಯಿಲೆ ಅದೇ ಹೌದು; ಅಂಟಿದ್ದಲ್ಲ.

ಇದರ ಹೆಸರು ಮಯೊಟೋನಿಯಾ ಕಂಜೆನಿಟಾ. ಸ್ನಾಯು ಬಿಗಿಯುವುದಕ್ಕೆ ತೊಂದರೆಯಿಲ್ಲ, ಬಿಗಿದದ್ದು ಸಡಿಲುವುದಕ್ಕೆ ತಡ. ಬಸ್ಸಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದರೆ ಇಳಿಯುವಾಗ ಬೆರಳು ಬಿಡಿಸಿಕೊಳ್ಳಲು ಕೆಲವು ಸೆಕೆಂಡು ಬೇಕು. ಆದರೆ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದರೆ ಬಿಗಿ ಕರಗುತ್ತದೆ: ಸಿದ್ಧಗಂಗೆಯ ಬೆಟ್ಟದ ಮೊದಲ ಹತ್ತು ಮೆಟ್ಟಿಲುಗಳನ್ನು ಮುದುಕನಂತೆ ಏರುವ ನಾನು ಉಳಿದವನ್ನು ಎಲ್ಲರಂತೆ ಏರುವುದನ್ನು ಕಂಡವರು, ಮೊದಲಿನದೆಲ್ಲ ನಾಟಕವೆಂದುಕೊಳ್ಳುತ್ತಾರೆ. ಬಿಡುವಿಲ್ಲದೆ ದುಡಿಯುವ ಸ್ನಾಯುಗಳು ದಪ್ಪಗಾಗಿ ನನಗೆ ಪೈಲ್ವಾನನ ಮೈಕಟ್ಟು ಬೇರೆ ಬಂದಿದೆ. ಅನುಕಂಪ ಗಿಟ್ಟಿಸಲು ಅದರಿಂದ ಏನೂ ಪ್ರಯೋಜನವಿಲ್ಲ.

ಸ್ನಾಯುಕೋಶದ ಪೊರೆಯಲ್ಲಿ ಕ್ಲೋರೈಡ್ ಹರಿಯುವ ಕಾಲುವೆಗಳಿವೆ. ಸ್ನಾಯು ಬಿಗಿದಾಗಲೆಲ್ಲ ಪೊರೆಯ ಸೂಕ್ಷ್ಮ ನಾಳಗಳಲ್ಲಿ ಪೊಟ್ಯಾಸಿಯಂ ಸೇರಿಕೊಂಡು ಕೋಶವನ್ನು ಮತ್ತೆ ಕೆರಳಿಸಲು ನೋಡುತ್ತದೆ. ಕ್ಲೋರೈಡ್ ಅದನ್ನು ತಣಿಸುತ್ತದೆ. ಸಿಎಲ್‌ಸಿಎನ್1 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಈ ಕಾಲುವೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ನರ ಸುಮ್ಮನಾದ ಮೇಲೂ ಸ್ನಾಯು ತಾನಾಗಿ ಮಿಡಿಯುತ್ತಿರುತ್ತದೆ. ಸ್ನಾಯುವಿನ ವಿದ್ಯುತ್ ಮಿಡಿತವನ್ನು ಅಳೆಯುವ ಇಎಂಜಿ ಪರೀಕ್ಷೆಯ ಸೂಜಿ ಚುಚ್ಚಿದಾಗ ನನ್ನ ತೋಳಿನ ಮಿಡಿತ, ಬೈಕಿನ ಆಕ್ಸಿಲರೇಟರನ್ನು ತಿರುವಿ ಬಿಟ್ಟಂತೆ ಏರಿ ಇಳಿದು ಕೇಳಿಸಿತು.

ಈ ರೋಗವನ್ನು 1876ರಲ್ಲಿ ವಿವರಿಸಿದ ವೈದ್ಯ ಜೂಲಿಯಸ್ ಥಾಮ್ಸನ್‌ಗೂ ಅವನ ಮನೆತನಕ್ಕೂ ಇದೇ ಬಾಧೆಯಿತ್ತು. ಟೆನೆಸಿಯ ಮಾರ್ಷಲ್ ಕೌಂಟಿಗೆ ಆ ಮೇಕೆಗಳು ಬಂದದ್ದು ಅನಂತರ, 1880ರ ದಶಕದಲ್ಲಿ. ಅವುಗಳಿಗೆ ಮೂರ್ಛೆ ಬರುವುದಿಲ್ಲ. ಬಿದ್ದಿರುವಾಗಲೂ ಪೂರ್ತಿ ಎಚ್ಚರವಿದ್ದು, ಸ್ವಲ್ಪ ಹೊತ್ತಿಗೆ ಎದ್ದು ಓಡುತ್ತವೆ. ದೋಷವಿರುವುದು ಕ್ಲೋರೈಡಿನ ಹರಿವಿನಲ್ಲಿ ಎಂಬುದು 1960ರ ದಶಕದಲ್ಲಿ ತಿಳಿದದ್ದು ಈ ಮೇಕೆಗಳ ಸ್ನಾಯುಗಳಿಂದಲೇ, ಮನುಷ್ಯರ ವಂಶವಾಹಿಯಲ್ಲಿ ಅದನ್ನು ಗುರುತಿಸಿದ್ದು 1992ರಲ್ಲಿ. ಮೇಕೆಯಿಂದ ನನಗೆ ಬಂದದ್ದೇನಾದರೂ ಇದ್ದರೆ ಅದು ಈ ತಿಳಿವಳಿಕೆ ಮಾತ್ರ.

ಕಾಯಿಲೆ ಬಂದದ್ದು ಮನೆಯೊಳಗಿನಿಂದ. ಇದರಲ್ಲಿ ಎರಡು ಬಗೆ. ಥಾಮ್ಸನ್ ಬಗೆಯಲ್ಲಿ ಆ ವಂಶವಾಹಿಯ ದೋಷವಿರುವ ಒಂದು ಪ್ರತಿಯೇ ಸಾಕು. ನನ್ನದು ಬೆಕರ್ ಬಗೆ, ಇದಕ್ಕೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೂಡಬೇಕು. ನಮ್ಮ ತಾಯಿಯನ್ನು ಅವರ ಸೋದರಮಾವನಿಗೇ ಕೊಟ್ಟಿದ್ದರು. ಇಬ್ಬರೂ ಆರೋಗ್ಯವಾಗಿಯೇ ಇದ್ದರು, ಆದರೆ ಒಂದೇ ದೋಷವನ್ನು ಇಬ್ಬರೂ ಹೊತ್ತಿದ್ದರಿಂದ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವವಿತ್ತು. ಅಕ್ಕನಿಗೆ ತಪ್ಪಿತು, ನನಗೆ ತಗುಲಿತು.

ಮೆಕ್ಸಿಲೆಟಿನ್ ಮಾತ್ರೆ ಬಿಗಿಯನ್ನು ಸಾಕಷ್ಟು ತಗ್ಗಿಸುತ್ತದೆ, ಹೃದಯ ಪರೀಕ್ಷಿಸಿದ ಮೇಲೆ ವೈದ್ಯರು ಕೊಡುವಂಥದ್ದು. ಶಸ್ತ್ರಚಿಕಿತ್ಸೆಯಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಲೇಬೇಕು, ಏಕೆಂದರೆ ಸ್ನಾಯು ಸಡಿಲಿಸಲು ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಟ್ಟರೆ ದವಡೆ, ಎದೆ ಸೆಟೆದು ಉಸಿರಾಟಕ್ಕೇ ಅಪಾಯ.

ನನ್ನ ಹೆಂಡತಿ ಹೊರಸಂಬಂಧದವಳು. ಪರೀಕ್ಷೆ ಮಾಡಿಸಿದಾಗ ಅವಳಲ್ಲಿ ದೋಷ ಕಾಣಲಿಲ್ಲ. ಮಗಳು ನನ್ನಿಂದ ಒಂದು ಪ್ರತಿ ಪಡೆದು ಆರಾಮವಾಗಿದ್ದಾಳೆ. ಅಕ್ಕನ ಮಗನಿಗೆ ಅವಳನ್ನು ಕೊಡುವುದಿಲ್ಲವೆಂದು ಈಗಲೇ ಹೇಳಿಬಿಟ್ಟಿದ್ದೇನೆ. ಅಕ್ಕ ಈ ಯುಗಾದಿಗೆ ಬರಲಿಲ್ಲ.