ನಮ್ಮ ಹಾಸ್ಟೆಲಿನ ಫ್ರೆಡ್ಡಿ

1989ರಿಂದ 1992ರವರೆಗೆ ಧಾರವಾಡದ ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದ್ದವರಿಗೆ ಫ್ರೆಡ್ಡಿ ಮರ್ಕ್ಯುರಿ ಯಾರು ಅಂತ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಅವನು ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ಬ್ಯಾಂಡಿನ ಹಾಡುಗಾರ. ನಮ್ಮ ಹಾಸ್ಟೆಲಿಗೆ ಅವನು ಬಂದದ್ದು ನನ್ನ ರೂಮ್‌ಮೇಟ್‌ಳ ಟ್ರಂಕಿನಲ್ಲಿ. ಅವಳು ಬೆಳಗಾವಿಯವಳು. ಅವಳ ಸೋದರಮಾವ ಮುಂಬೈಯಲ್ಲಿದ್ದರು, ಯಾರದೋ ಕ್ಯಾಸೆಟ್ಟಿನಿಂದ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಟ್ಟಿದ್ದರು. ಮೇಲೆ ಪೆನ್ನಿನಲ್ಲಿ ಬ್ಯಾಂಡಿನ ಹೆಸರು ಬರೆದಿತ್ತು, ಅಷ್ಟೇ. ಫೋಟೋ ಇಲ್ಲ, ಹಾಡುಗಳ ಪಟ್ಟಿ ಇಲ್ಲ. ಹಾಡುವವನ ಮುಖ ಹೇಗಿದೆ, ವಯಸ್ಸೆಷ್ಟು, ಯಾವ ಊರಿನವನು, ಏನೂ ಗೊತ್ತಿಲ್ಲದೆ ತಿಂಗಳುಗಟ್ಟಲೆ ಬರೀ ಆ ದನಿ ಕೇಳಿದವರು ನಾವು.

ನಾನು ರಾಣೆಬೆನ್ನೂರು ಕಡೆಯ ಹಳ್ಳಿಯವಳು. ಹತ್ತನೇ ಇಯತ್ತೆ ತನಕ ಕನ್ನಡ ಮಾಧ್ಯಮ. ಬಿಎಸ್‌ಸಿ ಕ್ಲಾಸಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳಲು ಬಾಯಿ ಬರುತ್ತಿರಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು ಹೀಗೇ ಇದ್ದರು: ಹಾವೇರಿ, ಗದಗ, ಬಾಗಲಕೋಟೆ, ಸವದತ್ತಿ ಕಡೆಯವರು. ಅಂಥ ನಮಗೆ ಇಂಗ್ಲಿಷ್ ರಾಕ್ ಹಾಡು ಯಾಕೆ ಹಿಡಿಸಿತು ಅಂತ ಆಮೇಲೆ ಬಹಳ ಜನ ಕೇಳಿದ್ದಾರೆ. ನನಗೆ ಅನಿಸುವುದು ಇಷ್ಟು. ಫ್ರೆಡ್ಡಿ ಜನರ ಮುಂದೆ ನಿಂತು ತಾನೊಬ್ಬನೇ ಹಾಡುತ್ತಿರಲಿಲ್ಲ, ಮುಂದಿದ್ದವರ ಬಾಯಿಂದ ಹಾಡಿಸುತ್ತಿದ್ದ. ಮುಂದಿದ್ದವರಿಗೆ ಭಾಷೆ ಬರುತ್ತೋ ಇಲ್ಲವೋ ಅಂತ ಅವನು ನೋಡುತ್ತಿರಲಿಲ್ಲ.

‘ವಿ ವಿಲ್ ರಾಕ್ ಯೂ’ ಹಾಡನ್ನೇ ತಗೊಳ್ಳಿ. ಎರಡು ಸಲ ಕಾಲು, ಒಂದು ಸಲ ಕೈ. ಅಷ್ಟು ಬಂದರೆ ಸಾಕು, ನೀವೂ ಬ್ಯಾಂಡಿನಲ್ಲಿದ್ದೀರಿ. ಅದರಲ್ಲಿ ಡ್ರಮ್ ಇಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಬರೆದ ಹಾಡು ಅದು. 1977ರಲ್ಲಿ ಇಂಗ್ಲೆಂಡಿನ ಬಿಂಗ್ಲಿ ಹಾಲ್ ಎಂಬಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಜನ ಮನೆಗೆ ಹೋಗದೆ ತಾವೇ ಒಟ್ಟಾಗಿ ಹಾಡತೊಡಗಿದರಂತೆ. ಅದನ್ನು ಕೇಳಿ, ಜನರೇ ಬಾರಿಸುವಂಥ ಹಾಡು ಯಾಕೆ ಮಾಡಬಾರದು ಅಂತ ಅವರಿಗೆ ಹೊಳೆಯಿತು. ಸ್ಟುಡಿಯೋದಲ್ಲಿ ಹಲಗೆಗಳ ಮೇಲೆ ಕಾಲು ಕುಟ್ಟಿ, ಅದನ್ನೇ ಮತ್ತೆ ಮತ್ತೆ ಒಂದರ ಮೇಲೊಂದು ಸೇರಿಸಿ ಸಾವಿರಾರು ಜನ ಕುಟ್ಟಿದ ಹಾಗೆ ಮಾಡಿದರು. ನಾವು ಇದನ್ನೆಲ್ಲ ತಿಳಿಯದೆ ಊಟದ ಹಾಲಿನ ಬೆಂಚುಗಳ ಕೆಳಗೆ ಕುಟ್ಟಿದ್ದೇ ಕುಟ್ಟಿದ್ದು. ರೊಟ್ಟಿ ಬರುವುದು ತಡವಾದರೆ ಸಾಕು, ಒಂದು ಮೂಲೆಯಿಂದ ಶುರುವಾಗುತ್ತಿತ್ತು. ಅಡಿಗೆಯ ಅಕ್ಕ ಒಳಗಿನಿಂದ "ಬಂತವ್ವಾ ಬಂತು, ನೆಲಾ ಒಡೀಬ್ಯಾಡ್ರಿ" ಅಂತ ಕೂಗುತ್ತಿದ್ದಳು. ಆಮೇಲೆ ಆಮೇಲೆ ಅವಳೂ ಸಟ್ಟುಗದಿಂದ ತಾಳ ಹಾಕುತ್ತಿದ್ದಳು.

ನಮ್ಮ ವಾರ್ಡನ್ ಪ್ರಾಣಿಶಾಸ್ತ್ರದ ಮೇಡಂ. ಬಹಳ ಶಿಸ್ತಿನವರು. ಅವರು ಚಿಕ್ಕಂದಿನಲ್ಲಿ ಹಿಂದೂಸ್ತಾನಿ ಗಾಯನ ಕಲಿತವರು, ಅದು ಧಾರವಾಡದಲ್ಲಿ ದೊಡ್ಡ ವಿಷಯ ಏನಲ್ಲ ಬಿಡಿ. ಮಲ್ಲಿಕಾರ್ಜುನ ಮನ್ಸೂರರು ಆಗ ಇನ್ನೂ ಇದ್ದರು, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಇದ್ದರು, ಒಳ್ಳೆಯ ಹಾಡು ಅಂದ್ರೆ ಏನು ಅಂತ ಊರಿಗೇ ಗೊತ್ತಿತ್ತು. ಒಂದು ರಾತ್ರಿ ಟು-ಇನ್-ಒನ್ (ರೇಡಿಯೋ, ಟೇಪ್ ಎರಡೂ ಇರುವ ಪೆಟ್ಟಿಗೆ) ದನಿ ಜಾಸ್ತಿಯಾಗಿ ಮೇಡಂ ನಮ್ಮ ರೂಮಿಗೆ ಬಂದರು. ಬಯ್ಗುಳ ತಿನ್ನಲು ತಯಾರಾಗಿ ನಿಂತೆವು. ಅವರು ಬಯ್ಯಲಿಲ್ಲ, ನಿಂತೇ ಪೂರ್ತಿ ಹಾಡು ಕೇಳಿದರು. ಅದು ‘ಬೊಹೀಮಿಯನ್ ರಾಪ್ಸೊಡಿ’, ಸುಮಾರು ಆರು ನಿಮಿಷದ್ದು. 1975ರಲ್ಲಿ ಅದು ಬಂದಾಗ ಇಷ್ಟುದ್ದದ ಹಾಡು ರೇಡಿಯೋದಲ್ಲಿ ಯಾರು ಹಾಕ್ತಾರೆ ಅಂತ ರೆಕಾರ್ಡ್ ಕಂಪನಿಯವರು ಅಂದಿದ್ದರಂತೆ. ಮುಗಿದ ಮೇಲೆ ಮೇಡಂ ಅಂದದ್ದು: "ಇವಂಗ ಉಸಿರು ಎಲ್ಲಿ ತಗೋಬೇಕು, ಎಲ್ಲಿ ಹಿಡೀಬೇಕು ಅನ್ನೋದು ಗೊತ್ತೈತಿ ನೋಡ್ರಿ. ಹಚ್ರಿ ಇನ್ನೊಮ್ಮೆ." ಆವತ್ತಿನಿಂದ ರಾತ್ರಿ ಒಂಬತ್ತರ ತನಕ ಕ್ಯಾಸೆಟ್ ಹಾಕಲು ನಮಗೆ ಪರವಾನಗಿ ಸಿಕ್ಕಿತು.

ಮುಖ ನೋಡಿದ್ದು ಎರಡನೇ ವರ್ಷದಲ್ಲಿ. ಹಾಸ್ಟೆಲ್ ಡೇಗೆ ಬಾಡಿಗೆ ವಿಸಿಆರ್ ತಂದಿದ್ದರು. ಎರಡು ಕನ್ನಡ ಸಿನಿಮಾ ಆದ ಮೇಲೆ ಬೆಳಗಾವಿ ಗೆಳತಿ ತನ್ನ ಮಾವ ಕಳಿಸಿದ ವಿಡಿಯೋ ಹಾಕಿದಳು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ನಡೆದ ಲೈವ್ ಏಡ್. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ ಚಿಲ್ಲರೆ. ಬಿಳಿ ಬನಿಯನ್, ಜೀನ್ಸ್, ದಪ್ಪ ಮೀಸೆ, ಕೈಯಲ್ಲಿ ಅರ್ಧ ಕೋಲಿನ ಮೈಕ್. "ಇಂವಾ ನಮ್ಮ ಕಡಿ ಮಂದಿ ಥರಾನೇ ಅದಾನಲ್ಲ" ಅಂತ ಸವದತ್ತಿಯವಳು ಮೊದಲು ಹೇಳಿದ್ದು. ನಾವೆಲ್ಲ ನಕ್ಕೆವು, ಆದರೆ ಅವಳು ಹೇಳಿದ್ದು ನಿಜವೇ ಆಗಿತ್ತು. ನಡುವೆ ಒಂದು ಕಡೆ ಬ್ಯಾಂಡು ಪೂರ್ತಿ ನಿಲ್ಲುತ್ತದೆ, ಫ್ರೆಡ್ಡಿ ಒಬ್ಬನೇ "ಏ...ಓ" ಅಂತಾನೆ, ಅಷ್ಟೂ ಜನ ಹಾಗೇ ತಿರುಗಿ ಹೇಳುತ್ತಾರೆ. ಅವನು ಇನ್ನೊಂಚೂರು ಕಷ್ಟದ್ದು ಹಾಡುತ್ತಾನೆ, ಜನ ಅದನ್ನೂ ಹಾಡುತ್ತಾರೆ. ಮೇಡಂ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಗುರುಗಳು ಎದುರಿಗೆ ಕೂರಿಸಿಕೊಂಡು ಒಂದೊಂದು ತಾನ ಹೇಳಿಕೊಟ್ಟ ಹಾಗೇ ಐತಲ್ಲ ಇದು ಅಂದರು. ಅದಕ್ಕಿಂತ ಚೆನ್ನಾಗಿ ಆ ಗಳಿಗೆಯನ್ನು ಹೇಳಿದವರನ್ನು ನಾನು ಇವತ್ತಿಗೂ ಕಂಡಿಲ್ಲ.

ಇನ್ನು ಸೆಪ್ಟೆಂಬರ್ 5. ಫ್ರೆಡ್ಡಿ ಹುಟ್ಟಿದ ದಿನ, ನಮಗೆ ಶಿಕ್ಷಕರ ದಿನಾಚರಣೆ! ಯಾವುದೋ ಹಳೆಯ ಮ್ಯಾಗಜಿನ್‌ನಲ್ಲಿ ಈ ತಾರೀಖು ಸಿಕ್ಕಿದ ಮೇಲೆ ನಮಗೆ ಸಡಗರ ಅಂದ್ರೆ ಸಡಗರ. 1991ರ ಶಿಕ್ಷಕರ ದಿನಕ್ಕೆ ಕಾಲೇಜಿನ ಸಭಾಂಗಣದಲ್ಲಿ ಹಾಸ್ಟೆಲ್ ಹುಡುಗಿಯರದು ಒಂದು ಗುಂಪು ಹಾಡು ಇಟ್ಟುಕೊಂಡೆವು. ಮೊದಲು ಬೇಂದ್ರೆಯವರ ಒಂದು ಹಾಡು, ಅದು ಮುಗಿಯುತ್ತಿದ್ದ ಹಾಗೆ ಕಾಲು, ಕಾಲು, ಕೈ. ನನಗೆ ಒಂದು ಸಾಲು ಒಬ್ಬಳೇ ಹಾಡುವ ಪಾಳಿ ಕೊಟ್ಟಿದ್ದರು. ಕ್ಲಾಸಿನಲ್ಲಿ ಬಾಯಿ ಬಿಡದ ನಾನು ಮುನ್ನೂರು ಜನರ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಡಿದೆ. ಸಭೆ ಪೂರ್ತಿ ಕಾಲು ಕುಟ್ಟಿತು. ಮುಂದಿನ ಸಾಲಿನಲ್ಲಿದ್ದ ಪ್ರಾಂಶುಪಾಲರೂ ಕುಟ್ಟಿದರು. ಆಮೇಲೆ ಕ್ಲಾಸಿನಲ್ಲಿ ಎದ್ದು ನಿಲ್ಲುವುದು ಅಷ್ಟು ಕಷ್ಟ ಅನಿಸಲಿಲ್ಲ. ಆವತ್ತು ಫ್ರೆಡ್ಡಿಗೆ 45 ತುಂಬಿತ್ತು. ಅದೇ ಅವನ ಕೊನೆಯ ಹುಟ್ಟುಹಬ್ಬ ಅಂತ ನಮಗೆ ಹೇಗೆ ಗೊತ್ತಾಗಬೇಕು?

ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಅವನು ಹೇಳಿಕೆ ಕೊಟ್ಟ. ಮರುದಿನ, 1991ರ ನವೆಂಬರ್ 24, ಭಾನುವಾರ, ತೀರಿಕೊಂಡ. ನಮಗೆ ಎರಡೂ ಸುದ್ದಿ ಒಟ್ಟಿಗೇ ಬಂದವು, ಸೋಮವಾರ ಬೆಳಿಗ್ಗೆ, ರೇಡಿಯೋದಲ್ಲಿ. ಬೆಳಗಾವಿ ಗೆಳತಿ ಹಲ್ಲುಜ್ಜುವ ಬ್ರಷ್ ಕೈಯಲ್ಲಿ ಹಿಡಿದು ಹಾಗೇ ಕಾಟಿನ ಮೇಲೆ ಕೂತಳು. ಅವತ್ತು ನಮ್ಮ ರೂಮಿನವರು ಯಾರೂ ಕ್ಲಾಸಿಗೆ ಹೋಗಲಿಲ್ಲ.

ಆಮೇಲಿನ ಕೆಲವು ದಿನಗಳ ಬಗ್ಗೆ ಸ್ವಲ್ಪ ಬರೆಯಲೇಬೇಕು. ಆಗ ಏಡ್ಸ್ ಅಂದ್ರೆ ಜನರಿಗೆ ಎಂಥಾ ಹೆದರಿಕೆ ಇತ್ತು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಒಬ್ಬಳ ಮನೆಯವರು ಭೇಟಿಗೆ ಬಂದವರು ಆ ಕ್ಯಾಸೆಟ್ ಮುಟ್ಟಬೇಡ ಅಂದರು. ಅವನು ಗಂಡಸರ ಜೊತೆ ಇದ್ದವನು ಅಂತ ಏನೇನೋ ಮಾತು. ಹಾಡು ಕೇಳಿ ಕುಣಿದವರೇ ಕೆಲವರು ಸುಮ್ಮನಾದರು. ಆಗ ಮೇಡಂ ಒಂದು ಸಂಜೆ ಎಲ್ಲರನ್ನೂ ಊಟದ ಹಾಲಿಗೆ ಕರೆದು ಒಂದು ತಾಸು ಪಾಠ ಮಾಡಿದರು. ವೈರಸ್ ಏನು ಮಾಡುತ್ತದೆ, ಹೇಗೆ ಹರಡುತ್ತದೆ, ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ ಯಾಕೆ ಹರಡುವುದಿಲ್ಲ, ಎಲ್ಲ ಬಿಡಿಸಿ ಹೇಳಿದರು. ಕೊನೆಗೆ, "ಅಂವಾ ಯಾರ ಜೋಡಿ ಇದ್ದಾ ಅನ್ನೋದು ಅಂವಂದು. ಹಾಡು ನಿಮ್ಮದು. ಹಚ್ಚೋದಿದ್ರ ಹಚ್ರಿ" ಅಂದರು. ಆ ಒಂದು ತಾಸಿನ ಪಾಠ ನನ್ನ ಜೀವನವನ್ನೇ ತಿರುಗಿಸಿತು. ನಾನು ಮುಂದೆ ಓದಿ ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಗೆ ಬರುವವರ ಆಪ್ತಸಮಾಲೋಚಕಿ ಆದೆ. ಈಗಲೂ ಅದೇ ಕೆಲಸ.

ಈ ಕೆಲಸದಲ್ಲಿ ಇದ್ದುಕೊಂಡು ಫ್ರೆಡ್ಡಿಯ ಕೊನೆಯ ವರ್ಷಗಳನ್ನು ನೋಡಿದರೆ ಸಂಕಟ ಆಗುತ್ತದೆ. ಅವನಿಗೆ ಕಾಯಿಲೆ ಗೊತ್ತಾದದ್ದು 1987ರಲ್ಲಿ. ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂದದ್ದು 1996ರಲ್ಲಿ. ನಮ್ಮ ದೇಶದಲ್ಲಿ ಸರ್ಕಾರ ಅದನ್ನು ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಇನ್ನೊಂದು ಐದು ವರ್ಷ ಅವನು ತಡೆದುಕೊಂಡಿದ್ದರೆ! ನನ್ನ ಹತ್ತಿರ ಬರುವವರಲ್ಲಿ ದಿನಕ್ಕೊಂದು ಗುಳಿಗೆ ನುಂಗಿ, ಹೊಲದ ಕೆಲಸ ಮಾಡಿ, ಮಕ್ಕಳ ಮದುವೆ ಮಾಡಿದವರು ಇದ್ದಾರೆ. ಫ್ರೆಡ್ಡಿಗೆ ಆ ಗುಳಿಗೆ ಇರಲಿಲ್ಲ, ಹಾಡು ಇತ್ತು. ‘ದ ಶೋ ಮಸ್ಟ್ ಗೋ ಆನ್’ ಹಾಡುವ ಹೊತ್ತಿಗೆ ಅವನಿಗೆ ನಡೆಯಲೂ ಕಷ್ಟ ಆಗುತ್ತಿತ್ತು. ಇಷ್ಟು ಎತ್ತರದ ಸ್ವರ ಆಗುತ್ತೋ ಇಲ್ಲವೋ ಅಂತ ಬ್ರಯಾನ್ ಮೇ ಅಳುಕಿದರಂತೆ. ಅವನು ಒಂದು ಗುಟುಕು ವೋಡ್ಕಾ ಕುಡಿದು ಹೋಗಿ ಹಾಡಿಬಿಟ್ಟ. 1991ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಮೊಂತ್ರೋದಲ್ಲಿ ‘ಮದರ್ ಲವ್’ ಎಂಬ ಹಾಡಿಗೆ ದನಿ ಕೊಡುತ್ತಾ, ಕೊನೆಯ ಚರಣ ಆಮೇಲೆ ಹಾಡುತ್ತೇನೆ, ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಅಂತ ಹೋದವನು ಮತ್ತೆ ಅದನ್ನು ಹಾಡಲೇ ಇಲ್ಲ. ಆ ಚರಣವನ್ನು ಬ್ರಯಾನ್ ಮೇ ಹಾಡಿದ್ದಾರೆ. ಆ ಹಾಡು ಕೇಳುವಾಗ ದನಿ ಬದಲಾಗುವ ಆ ಜಾಗ ಬಂದರೆ ನನಗೆ ಇವತ್ತಿಗೂ ಕೈ ಕೆಲಸ ನಿಲ್ಲುತ್ತದೆ.

ಅವನು ಪಾರ್ಸಿ ಅಂತ, ಹೆಸರು ಫಾರೂಖ್ ಬುಲ್ಸಾರಾ ಅಂತ, ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಹುಟ್ಟಿ ನಮ್ಮ ಪಂಚಗಣಿಯಲ್ಲಿ ಓದಿದವನು ಅಂತ ನಮ್ಮ ಗುಂಪಿಗೆ ಸರಿಯಾಗಿ ತಿಳಿದದ್ದು ಅವನು ಹೋದ ಮೇಲೆಯೇ. ಸವದತ್ತಿಯವಳು ಗೆದ್ದವಳ ಹಾಗೆ ನಮಗೆಲ್ಲ ಕಾಗದ ಬರೆದಳು! ಪಂಚಗಣಿ ಏನು ದೂರ? ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ವಾಯಿಯಿಂದ ಘಾಟು ಹತ್ತಿದರೆ ಬಂತು. ಹಳೆಯ ರೂಮಿನವರೆಲ್ಲ ಸೇರಿ ಒಂದು ದೀಪಾವಳಿ ರಜೆಯಲ್ಲಿ ಹೋಗಿ ಬಂದೆವು. ಸೇಂಟ್ ಪೀಟರ್ಸ್ ಸ್ಕೂಲಿನ ಗೇಟಿನ ಹೊರಗೇ ನಿಂತು ನೋಡಿದೆವು, ಮಕ್ಕಳ ಶಾಲೆ, ಒಳಗೆ ನುಗ್ಗುವುದು ಸರಿಯಲ್ಲ ಅಲ್ವಾ. ಎಂಟು ವರ್ಷದ ಹುಡುಗ ಅಪ್ಪ ಅಮ್ಮನನ್ನು ಸಮುದ್ರದ ಆಚೆ ಬಿಟ್ಟು ಹಡಗಿನಲ್ಲಿ ಬಂದು ಇಲ್ಲಿ ಬೋರ್ಡಿಂಗಿನಲ್ಲಿದ್ದ. ರಜೆ ಸಿಕ್ಕಿದರೆ ಮುಂಬೈಯ ಅತ್ತೆಯ ಮನೆ. ಫ್ರೆಡ್ಡಿ ಅನ್ನೋ ಹೆಸರು ಇಟ್ಟವರು ಇಲ್ಲಿನ ಗೆಳೆಯರೇ. ಹನ್ನೆರಡು ವರ್ಷಕ್ಕೆ ಗೆಳೆಯರ ಜೊತೆ ಒಂದು ಬ್ಯಾಂಡ್ ಕಟ್ಟಿದ, ಹೆಕ್ಟಿಕ್ಸ್ ಅಂತ. ಅದರಲ್ಲಿ ಮುಖ್ಯ ಹಾಡುಗಾರ ಅವನಲ್ಲ, ಅವನು ಪಿಯಾನೋ ನುಡಿಸುತ್ತಿದ್ದ. ನಾಚಿಕೆ ಸ್ವಭಾವದ ಹುಡುಗ ಅಂತ ಆಗ ಕಂಡವರು ಹೇಳುತ್ತಾರೆ. ದೊಡ್ಡವನಾದ ಮೇಲೂ ವೇದಿಕೆ ಇಳಿದರೆ ಅವನು ಮೆತ್ತಗಿನ ಮನುಷ್ಯನೇ. ಹಾಸ್ಟೆಲಿನಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ದೀಪ ಆರಿದ ಮೇಲೆ ಮನೆ ನೆನಪಾಗುವವರಿಗೆ ಜೊತೆಗೆ ಹಾಡುವ ನಾಲ್ಕು ಜನ ಎಷ್ಟು ಬೇಕಾಗುತ್ತಾರೆ ಅಂತ ನಮಗೆ ಗೊತ್ತು.

ಬೆಳಗಾವಿ ಗೆಳತಿ ಈಗ ಲಂಡನ್ನಿನ ಹೌನ್ಸ್ಲೋದಲ್ಲಿದ್ದಾಳೆ. ಅಲ್ಲಿಂದ ಫೆಲ್ಟಮ್ ಪಕ್ಕದಲ್ಲೇ. ಜಾಂಜಿಬಾರಿನಲ್ಲಿ ದಂಗೆ ಆಗಿ 1964ರಲ್ಲಿ ಇಂಗ್ಲೆಂಡಿಗೆ ಬಂದ ಬುಲ್ಸಾರಾ ಕುಟುಂಬ ಇದ್ದದ್ದು ಫೆಲ್ಟಮ್‌ನ ಒಂದು ಚಿಕ್ಕ ಮನೆಯಲ್ಲಿ. ಆ ಮನೆಯ ಗೋಡೆಗೆ 2016ರಲ್ಲಿ ನೀಲಿ ಫಲಕ ಹಾಕಿದ್ದಾರೆ, ಹೆಸರಾದವರು ಇದ್ದ ಮನೆ ಅಂತ ಗುರುತಿಗೆ ಅಲ್ಲಿ ಹಾಕುವಂಥದ್ದು. ಇವಳು ಹೋಗಿ ಅದರ ಮುಂದೆ ನಿಂತು ನಮಗೆ ವಿಡಿಯೋ ಕಾಲ್ ಮಾಡಿದಳು. ಅವನು ಕೊನೆಗೆ ಇದ್ದ ಕೆನ್ಸಿಂಗ್ಟನ್ ಮನೆಯ ಕಾಂಪೌಂಡಿಗೂ ಹೋಗಿದ್ದಳಂತೆ, ಜಗತ್ತಿನ ಎಲ್ಲ ಕಡೆಯಿಂದ ಬಂದ ಅಭಿಮಾನಿಗಳು ತಮ್ಮ ತಮ್ಮ ಭಾಷೆಯಲ್ಲಿ ಬರೆದು ಹೋಗುತ್ತಿದ್ದ ಜಾಗ ಅದು. ಇವಳು ಕನ್ನಡದಲ್ಲಿ ನಮ್ಮೆಲ್ಲರ ಪರವಾಗಿ ಒಂದು ಚೀಟಿ ಬರೆದು ಇಟ್ಟು ಬಂದಳು.

ಫ್ರೆಡ್ಡಿಯ ಕತೆ ಇರುವ 2018ರ ‘ಬೊಹೀಮಿಯನ್ ರಾಪ್ಸೊಡಿ’ ಸಿನಿಮಾ ಬಗ್ಗೆ ಒಂದು ಮಾತು. ಹುಬ್ಬಳ್ಳಿಯಲ್ಲಿ ಮಗಳ ಜೊತೆ ನೋಡಿದೆ. ಫ್ರೆಡ್ಡಿಯ ಪಾತ್ರವನ್ನು ರಾಮಿ ಮಾಲೆಕ್ ಚೆನ್ನಾಗಿ ಮಾಡಿದ್ದಾನೆ, ಆಸ್ಕರ್ ಬಂದದ್ದು ಸರಿಯೇ. ಆದರೆ ಲೈವ್ ಏಡ್‌ಗೆ ಮುಂಚೆಯೇ ಅವನು ಕಾಯಿಲೆಯ ವಿಷಯ ಬ್ಯಾಂಡಿನವರಿಗೆ ಹೇಳಿದ ಅಂತ ತೋರಿಸಿದ್ದು ನನಗೆ ಒಂಚೂರೂ ಹಿಡಿಸಲಿಲ್ಲ. ಆ ಇಪ್ಪತ್ತು ನಿಮಿಷ ಅವನು ಸಂತೋಷಕ್ಕೆ ಹಾಡಿದ್ದು, ಸಾವಿನ ಎದುರಿಗೆ ನಿಂತು ಅಲ್ಲ. ಅದಕ್ಕೆ ಸಾವಿನ ಬಣ್ಣ ಹಚ್ಚುವ ಅಗತ್ಯ ಇರಲಿಲ್ಲ. ಈಗ ನನ್ನ ಮಗಳಿಗೆ ಫೋನಿನಲ್ಲೇ ಎಲ್ಲ ಹಾಡೂ ಸಿಗುತ್ತವೆ, ಅವಳಿಗೆ ಇಷ್ಟವಾದದ್ದು ಅವನು ಸ್ಪೇನಿನ ಒಪೆರಾ ಹಾಡುಗಾರ್ತಿ ಮೊಂಟ್‌ಸೆರಾಟ್ ಕಬಾಯೆ ಜೊತೆ ಹಾಡಿದ ‘ಬಾರ್ಸಿಲೋನಾ’. ಅದನ್ನು ಮೇಡಂಗೆ ಕೇಳಿಸಿದೆವು. ಅವರಿಗೆ ಈಗ ಎಂಬತ್ತರ ಮೇಲಾಗಿದೆ, ಸಾಧನಕೇರಿ ಕಡೆ ಮಗನ ಮನೆಯಲ್ಲಿದ್ದಾರೆ. ಆ ದೊಡ್ಡ ಹಾಡುಗಾರ್ತಿಯ ಪಕ್ಕದಲ್ಲಿ ಇವನ ದನಿ ಸಣ್ಣದಾಗಿ ಕೇಳಲಿಲ್ಲ ನೋಡಿ ಅಂತ ಮೆಚ್ಚಿಕೊಂಡರು, ಎರಡು ಸಲ ಹಚ್ಚಿಸಿದರು.

ನಮ್ಮ ಕಾಲದ ಹಾಸ್ಟೆಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. 1991ರ ಶಿಕ್ಷಕರ ದಿನದ ಹಾಡನ್ನು ಯಾರೋ ಸಭಾಂಗಣದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು ಅಂತ ನೆನಪು, ಗದಗಿನವರು ಇರಬೇಕು. ಆ ಕ್ಯಾಸೆಟ್ ಎಲ್ಲಿಯಾದರೂ ಉಳಿದಿದ್ದರೆ ಸಂಪಾದಕರಿಗೆ ತಿಳಿಸಿ. ಮೇಡಂಗೆ ಒಮ್ಮೆ ಕೇಳಿಸಬೇಕು ಅಂತ ನಮಗೆಲ್ಲ ಬಹಳ ಆಸೆ.