ಏಪ್ರಿಲ್‌ವರೆಗೆ ಯಾಕೆ ಕಾಯ್ತೀಯಾ?

ಫೆಬ್ರವರಿ ಬಂತೆಂದರೆ ಈ ಪ್ರಶ್ನೆ ಮೂರು ಕಡೆಯಿಂದ ಬರುತ್ತದೆ. ಕನ್ನಡ ಕೂಟದ ಸಂಕ್ರಾಂತಿ ಊಟದಲ್ಲಿ ಪಕ್ಕದಲ್ಲಿ ಕೂತವರು, "ಅಕ್ಕಾ, ಇಷ್ಟು ಹಿಮ ಬಿದ್ದಿದೆ, ನಿಮ್ಮ ಮೀನಿನ ಹುಚ್ಚಿಗೆ ಈಗೇನು ಗತಿ? ಹೇಗೆ ದಿನ ದೂಡ್ತೀರಿ?" ಎನ್ನುತ್ತಾರೆ. ಭಾನುವಾರ ತೀರ್ಥಹಳ್ಳಿಯಿಂದ ಫೋನ್ ಮಾಡುವ ಅಮ್ಮ, "ಏನೇ, ನಿನ್ನ ಹೊಳೆ ಇನ್ನೂ ಕರಗ್ಲಿಲ್ವನೇ?" ಎಂದೇ ಮಾತು ಶುರು ಮಾಡುತ್ತಾಳೆ. ಮೂರನೆಯವರು ನನ್ನ ಜೊತೆ ಹೊಳೆಗೆ ಬರುವ ಗೆಳೆಯರು. ಅವರ ಪ್ರಶ್ನೆಯೇ ಹೆಚ್ಚು ಮೊನಚು: "ಈಗ ಚಳಿಗಾಲದಲ್ಲೂ ಹಿಡೀಬಹುದಲ್ಲ. ಏಪ್ರಿಲ್‌ವರೆಗೆ ಯಾಕೆ ಕಾಯ್ತೀಯಾ?"

ಅವರು ಹೇಳುವುದು ನಿಜ. ನಾನಿರುವುದು ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿ ಪಕ್ಕದ ಒಂದು ಊರಿನಲ್ಲಿ. ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಕ್ಯಾಟ್ಸ್‌ಕಿಲ್ ಬೆಟ್ಟಗಳ ನಡುವಿನ ರಾಸ್ಕೋ ಎಂಬ ಸಣ್ಣ ಊರು. ಅಲ್ಲಿ ಬೀವರ್‌ಕಿಲ್ ಮತ್ತು ವಿಲೋವೀಮಾಕ್ ಎಂಬ ಎರಡು ಹೊಳೆಗಳು ಕೂಡುತ್ತವೆ. 'ಕಿಲ್' ಅಂದರೆ ಹಳೆಯ ಡಚ್ಚರ ಮಾತಿನಲ್ಲಿ ಹೊಳೆ ಎಂದೇ ಅರ್ಥ. ಕೂಡುವ ಜಾಗದ ಮಡುವಿಗೆ ಜಂಕ್ಷನ್ ಪೂಲ್ ಎನ್ನುತ್ತಾರೆ. ಯಾವ ಹೊಳೆ ಹತ್ತುವುದೆಂದು ತೀರ್ಮಾನಿಸಲಾಗದೆ ಎರಡು ತಲೆ ಬೆಳೆಸಿಕೊಂಡ ಟ್ರೌಟ್ ಮೀನೊಂದು ಅಲ್ಲಿದೆ ಎಂಬ ಕಥೆಯನ್ನು ಊರಿನವರು ಇವತ್ತಿಗೂ ಹೇಳುತ್ತಾರೆ. ಪ್ರತಿವರ್ಷ ಏಪ್ರಿಲ್ 1ರ ಬೆಳಿಗ್ಗೆ, ಹಿಮ ಬೀಳುತ್ತಿದ್ದರೂ ಸರಿ, ಜನ ಆ ಮಡುವಿನ ಸುತ್ತ ಸೇರಿ ವರ್ಷದ ಮೊದಲ ಗಾಳ ಎಸೆಯುತ್ತಾರೆ.

ಹಿಂದೆ ಇಲ್ಲಿನ ಹೆಚ್ಚಿನ ಹೊಳೆಗಳಲ್ಲಿ ಆ ದಿನದವರೆಗೆ ಟ್ರೌಟ್ ಹಿಡಿಯುವಂತಿರಲಿಲ್ಲ. ಹಿಡಿದು ಬಿಡಲೇಬೇಕಾದ ಕೆಲವು ತುಣುಕುಗಳಲ್ಲಿ ಮಾತ್ರ ವರ್ಷವಿಡೀ ಅವಕಾಶವಿತ್ತು. 2022ರ ಏಪ್ರಿಲ್ 1ರಿಂದ ನಿಯಮ ಬದಲಾಯಿತು. ಅಕ್ಟೋಬರ್ 16ರಿಂದ ಮಾರ್ಚ್ 31ರವರೆಗೂ ಹೊಳೆಗಳಲ್ಲಿ ಹಿಡಿಯಬಹುದು. ಎರೆಹುಳು ಕಟ್ಟುವಂತಿಲ್ಲ, ಕೃತಕ ಆಮಿಷವೇ ಆಗಬೇಕು, ಹಿಡಿದ ಮೀನನ್ನು ಮರಳಿ ಬಿಡಬೇಕು. ಅಂದರೆ ನಾನು ಹೇಗೂ ಮಾಡುವುದಷ್ಟೇ. ಹಾಗಿದ್ದೂ ಈ ತಿಂಗಳುಗಳಲ್ಲಿ ನಾನು ನೀರಿಗೆ ಇಳಿಯುವುದಿಲ್ಲ.

ಕಾರಣ ನೀರಿನೊಳಗಿದೆ.

ಈ ಹೊಳೆಗಳ ಬ್ರೌನ್ ಟ್ರೌಟ್ ಮತ್ತು ಬ್ರೂಕ್ ಟ್ರೌಟ್ ಮೊಟ್ಟೆ ಇಡುವುದು ಅಕ್ಟೋಬರ್, ನವೆಂಬರಿನಲ್ಲಿ. ಹೆಣ್ಣುಮೀನು ನೊರಜುಗಲ್ಲಿರುವ ತೆಳುನೀರಿಗೆ ಬಂದು, ಮಗ್ಗುಲಾಗಿ ಮಲಗಿ, ಬಾಲದಿಂದ ತಳವನ್ನು ಪಟಪಟನೆ ಬಡಿದು ಗುಂಡಿ ಮಾಡುತ್ತದೆ. ಮೊಟ್ಟೆ ಇಟ್ಟ ಮೇಲೆ ಮೇಲ್ಗಡೆಯ ಕಲ್ಲನ್ನು ಕೆದಕಿ ಗುಂಡಿ ಮುಚ್ಚುತ್ತದೆ. ಇಲ್ಲಿನವರು ಆ ಗುಂಡಿಗೆ ರೆಡ್ ಎನ್ನುತ್ತಾರೆ. ಪಾಚಿ ಹಿಡಿದ ಕಂದು ತಳದ ನಡುವೆ ಉಜ್ಜಿ ತೊಳೆದ ಹಾಗೆ ಬೆಳ್ಳಗೆ ಕಾಣುವ, ಮೊರದಗಲದ ಒಂದು ಮಚ್ಚೆ. ಅದರಡಿ ನೆನೆಸಿದ ಸಬ್ಬಕ್ಕಿಯಷ್ಟು ದಪ್ಪದ, ಕಿತ್ತಳೆ ಬಣ್ಣದ ನೂರಾರು ಮೊಟ್ಟೆಗಳು. ನೀರು ಎರಡು ಮೂರು ಡಿಗ್ರಿಯಲ್ಲಿರುವಾಗ ಅವು ಒಡೆಯಲು ನಾಲ್ಕು ತಿಂಗಳೂ ಆಗಬಹುದು. ಒಡೆದ ಮೇಲೂ ಮರಿ ಮೇಲಕ್ಕೆ ಬರುವುದಿಲ್ಲ. ಹೊಟ್ಟೆಗೆ ಮೊಟ್ಟೆಯೊಳಗಿನ ಆಹಾರದ ಚೀಲ ನೇತುಹಾಕಿಕೊಂಡು, ಅದು ಕರಗುವವರೆಗೆ ವಾರಗಟ್ಟಲೆ ಕಲ್ಲಿನ ಸಂದಿಯಲ್ಲೇ ಇರುತ್ತದೆ. ಡಿಸೆಂಬರ್ ಕಳೆಯುವಷ್ಟರಲ್ಲಿ ನೆರೆ, ಹಿಮ, ಹೂಳು ಸೇರಿ ಆ ಬಿಳಿ ಮಚ್ಚೆ ಮಾಸಿಹೋಗಿರುತ್ತದೆ. ಫೆಬ್ರವರಿಯಲ್ಲಿ ನೀರಿಗಿಳಿದವನಿಗೆ ತಾನು ಯಾವುದರ ಮೇಲೆ ಕಾಲಿಡುತ್ತಿದ್ದೇನೆ ಎಂಬುದೇ ತಿಳಿಯದು.

ಮಾಂಟಾನಾದಲ್ಲಿ ಇಬ್ಬರು ವಿಜ್ಞಾನಿಗಳು ಇದನ್ನೇ ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದರು. ಮೊಟ್ಟೆ ಹೂತ ಜಲ್ಲಿಯ ಮೇಲೆ ದಿನಕ್ಕೆರಡು ಬಾರಿ ನಡೆದಾಡಿದ ಕಡೆ ಶೇಕಡಾ 96ರವರೆಗೂ ಮೊಟ್ಟೆ-ಮರಿಗಳು ಸತ್ತವು. ಮೊಟ್ಟೆ ಒಡೆಯುವ ಹೊತ್ತಿಗೆ ಸ್ವಲ್ಪ ಮುಂಚೆ ಒಂದೇ ಒಂದು ಸಲ ನಡೆದರೂ ಶೇಕಡಾ 43ರವರೆಗೆ. ಇದನ್ನು ಮೊದಲ ಸಲ ಓದಿದ ದಿನ ನಾನು ನನ್ನ ಬೂಟುಗಳನ್ನು ತಿರುಗಿಸಿ ಅಡಿ ನೋಡಿದ್ದೆ. ಅದಕ್ಕೂ ಹಿಂದಿನ ಎರಡು ವರ್ಷ ಮಾರ್ಚ್ ತಿಂಗಳಿಡೀ ಅದೇ ಬೂಟು ಹಾಕಿಕೊಂಡು ಹೊಳೆಯ ನಟ್ಟನಡುವೆ ನಿಂತಿದ್ದೆ.

ಆದರೆ ಸತ್ಯ ಹೇಳಬೇಕೆಂದರೆ ನನ್ನನ್ನು ತಡೆದದ್ದು ಆ ಅಂಕಿ ಮಾತ್ರ ಅಲ್ಲ. ನಮ್ಮೂರಿನ ಹಳ್ಳ.

ಮಲೆನಾಡಿನವರಿಗೆ ಹತ್ತುಮೀನು, ಅಂದರೆ ನೀರಿಗೆದುರಾಗಿ ಹತ್ತುವ ಮೀನು, ವಿವರಿಸಬೇಕಾಗಿಲ್ಲ. ಜೂನಿನಲ್ಲಿ ಮಳೆ ಹಿಡಿದು ಹೊಳೆಗೆ ಕೆಂಪು ನೀರು ಬಂದ ರಾತ್ರಿ, ಮೊಟ್ಟೆ ತುಂಬಿದ ಮೀನುಗಳು ತುಂಗೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ಅಪ್ಪಯ್ಯ ಮತ್ತು ಚಿಕ್ಕಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯ ತೂಬಿಗೆ ಮೀನು ಹಿಡಿಯುವ ಬಿದಿರಿನ ಕೂಣಿ ಇಟ್ಟು ಬರುತ್ತಿದ್ದರು. ಬೆಳಗಾಗುವುದರೊಳಗೆ ಕೂಣಿ ತುಂಬಿರುತ್ತಿತ್ತು. ಅಮ್ಮ ಹೊಟ್ಟೆ ಸೀಳಿದರೆ ಎರಡೂ ಪಕ್ಕದಲ್ಲಿ ಹಳದಿ ಮೊಟ್ಟೆಯ ಗಟ್ಟಿ. ಅದನ್ನೇ ಬೇರೆ ತೆಗೆದು ಖಾರ ಹಚ್ಚಿ ಕಾವಲಿಯ ಮೇಲೆ ಹುರಿದು ನಮಗೆ ಮಕ್ಕಳಿಗೆ ಹಂಚುತ್ತಿದ್ದಳು. ಅದರ ರುಚಿ ಈಗಲೂ ನಾಲಗೆಯ ಮೇಲಿದೆ. ನಾನು ಓದಲೆಂದು ಶಿವಮೊಗ್ಗಕ್ಕೆ ಹೋಗುವ ಹೊತ್ತಿಗೆ ಅದೇ ತೂಬಿನಲ್ಲಿ ಇಟ್ಟ ಕೂಣಿ ಬೆಳಿಗ್ಗೆ ಬರಿ ಕಸ ತುಂಬಿಕೊಂಡು ಬರತೊಡಗಿತ್ತು. ಗದ್ದೆಗೆ ಹೊಡೆದ ಔಷಧಿ, ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡು, ಎಲ್ಲವೂ ಕಾರಣವೇ. ನಮ್ಮ ಕಾವಲಿಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ನಮ್ಮದೇ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳನ್ನು ಕಡಲಿಗೆ ಬಿಡುವುದಿಲ್ಲ. ಹಳ್ಳಕ್ಕೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ಈ ಹೊಳೆಯ ವಿಷಯದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಚಳಿಗಾಲದಲ್ಲಿ ಹಿಡಿಯುವ ನನ್ನ ಗೆಳೆಯರನ್ನು ದೂರುತ್ತಿಲ್ಲ. ಅವರಲ್ಲಿ ಒಬ್ಬರು ನವೆಂಬರಿನಲ್ಲೇ ಹೊಳೆಯುದ್ದಕ್ಕೂ ನಡೆದು ರೆಡ್‌ಗಳನ್ನು ಗುರುತು ಹಾಕಿಕೊಂಡು, ಆಮೇಲೆ ದಡ ಬಿಟ್ಟು ಇಳಿಯದೆ ಗಾಳ ಬೀಸುತ್ತಾರೆ. ಅಷ್ಟು ನಿಗಾ ನನಗಿನ್ನೂ ಬಂದಿಲ್ಲ. ಏಪ್ರಿಲ್ 1ರಂದು ಎಲ್ಲ ಮರಿಗಳೂ ಹೊರಬಂದಿರುತ್ತವೆ ಎಂದೂ ಅಲ್ಲ. ಅದಕ್ಕೇ ನನ್ನ ಕಾಲ ಶುರುವಾಗುವುದು ಕ್ಯಾಲೆಂಡರ್ ನೋಡಿ ಅಲ್ಲ, ಥರ್ಮಾಮೀಟರ್ ನೋಡಿ. ನೀರು ಹತ್ತು ಡಿಗ್ರಿ ಮುಟ್ಟಬೇಕು. ಸಾಮಾನ್ಯವಾಗಿ ಅದು ಏಪ್ರಿಲ್ ಮೂರನೇ ವಾರದ ಸುಮಾರಿಗೆ. ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಟ್ರೌಟ್‌ನ ಮೈಯೇ ನಿಧಾನ. ಆಳದ ಮಡುವಿನಲ್ಲಿ ತಳ ಹಿಡಿದು ಕೂತಿರುತ್ತದೆ, ಮೂಗಿನ ಮುಂದೆ ತೇಲಿ ಬಂದದ್ದನ್ನಷ್ಟೇ ಬಾಯಿಗೆ ಹಾಕಿಕೊಳ್ಳುತ್ತದೆ.

ಇನ್ನು ದಿನ ಹೇಗೆ ದೂಡುತ್ತೇನೆ ಎಂಬ ಕನ್ನಡ ಕೂಟದ ಪ್ರಶ್ನೆ. ದೂಡುವಷ್ಟು ದಿನಗಳೇ ನನ್ನ ಹತ್ತಿರ ಇಲ್ಲ. ನೀರು ಹತ್ತು ಡಿಗ್ರಿ ಆದ ಕೂಡಲೇ ಹೊಳೆಯ ತಳದಿಂದ ಮೇಫ್ಲೈ ಎಂಬ ಒಂದು ಬೂದು ರೆಕ್ಕೆಯ ಹುಳು ಏಳುತ್ತದೆ, ಮಧ್ಯಾಹ್ನದ ಒಂದೆರಡು ಗಂಟೆ ಮಾತ್ರ. ಅದನ್ನು ಹೋಲುವ ಫ್ಲೈ, ಅಂದರೆ ಗರಿ ಸುತ್ತಿದ ಗಾಳ, ಕ್ವಿಲ್ ಗಾರ್ಡನ್. ಅಷ್ಟರೊಳಗೆ ಅಂಥವನ್ನು ಎರಡು ಡಜನ್ ಕಟ್ಟಿ ಮುಗಿಸಬೇಕು.

ಇದನ್ನು ರೂಪಿಸಿದ ಥಿಯೋಡರ್ ಗಾರ್ಡನ್ ಇದೇ ಬೆಟ್ಟಗಳ ನೆವರ್‌ಸಿಂಕ್ ಹೊಳೆಯ ದಂಡೆಯಲ್ಲಿ ಬದುಕಿದ ಮನುಷ್ಯ. ಕ್ಷಯ ಹಿಡಿದ ಮೈ. ಒಂಟಿಯಾಗಿ ಫ್ಲೈ ಕಟ್ಟಿ ಮಾರಿ ಜೀವನ ಮಾಡುತ್ತಿದ್ದ. 1890ರಲ್ಲಿ ಇಂಗ್ಲೆಂಡಿನ ಫ್ಲೈ ಮೀನುಗಾರಿಕೆಯ ಬರಹಗಾರ ಫ್ರೆಡರಿಕ್ ಹಾಲ್‌ಫರ್ಡ್‌ಗೆ ಪತ್ರ ಬರೆದು, ನೀರಿನ ಮೇಲೆ ತೇಲುವ ಫ್ಲೈಗಳ ಮಾದರಿ ತರಿಸಿಕೊಂಡ. ಅವು ಅಲ್ಲಿನ ನಿಧಾನದ, ಸಮತಟ್ಟಾದ ತೊರೆಗಳಿಗೆ ಹೇಳಿ ಮಾಡಿಸಿದವು. ಇಲ್ಲಿನ ಕಲ್ಲುಗಳ ನಡುವೆ ಧುಮುಕುವ ನೀರಿಗೂ ಇಲ್ಲಿನ ಹುಳುಗಳಿಗೂ ಹೊಂದುವ ಹಾಗೆ ಗಾರ್ಡನ್ ಅವನ್ನು ಮರಳಿ ಕಟ್ಟಿದ. 1915ರಲ್ಲಿ ತೀರಿಕೊಂಡ. ಅವನಿದ್ದ ಜಾಗ ಈಗ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವ ನೆವರ್‌ಸಿಂಕ್ ಜಲಾಶಯದ ಅಡಿಯಲ್ಲಿದೆ. ಲಿಂಗನಮಕ್ಕಿಯ ಹಿನ್ನೀರಿಗೆ ತೋಟ ಮನೆ ಬಿಟ್ಟುಕೊಟ್ಟವರ ನಂಟಸ್ತಿಕೆಯಲ್ಲಿ ಬೆಳೆದ ನನಗೆ ಆ ಜಲಾಶಯದ ದಂಡೆಯಲ್ಲಿ ನಿಂತಾಗ ಮಾತು ಹೊರಡುವುದಿಲ್ಲ.

ಆ ಫ್ಲೈನ ಮೈ ಯಾವುದರದ್ದು ಗೊತ್ತೇ? ನವಿಲುಗರಿಯದ್ದು. ಗರಿಯ ಕಣ್ಣಿನ ಹತ್ತಿರದ ಒಂದೇ ಒಂದು ಎಳೆ ಕಿತ್ತುಕೊಂಡು, ಮೇಜಿನ ಮೇಲೆ ಹಾಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಬುಡದ ಕಡೆಗೆ ಮೆಲ್ಲಗೆ ಉಜ್ಜಬೇಕು. ಹಸಿರು ಮಿಂಚಿನ ನವಿರು ಉದುರಿ, ಒಳಗಿನ ತೆಳು ಕಡ್ಡಿ ಉಳಿಯುತ್ತದೆ. ಅದರ ಒಂದು ಅಂಚು ಕಪ್ಪು, ಇನ್ನೊಂದು ಅಂಚು ಬಿಳಿಚು. ಗಾಳಕ್ಕೆ ಸುತ್ತು ಪಕ್ಕ ಸುತ್ತು ಬಿಗಿದು ಸುತ್ತಿಕೊಂಡು ಬಂದರೆ ಕಪ್ಪು ಬಿಳುಪು ಪಟ್ಟೆ ಮೂಡಿ ಥೇಟ್ ಹುಳುವಿನ ಹೊಟ್ಟೆ. ಸ್ವಲ್ಪ ಹೆಚ್ಚು ಎಳೆದರೆ ಪಟ್ ಎಂದು ತುಂಡಾಗುತ್ತದೆ. ಮೊದಲ ವರ್ಷ ನಾಲ್ಕಕ್ಕೆ ಮೂರು ತುಂಡಾಗುತ್ತಿದ್ದವು. ಈಗ ಎಳೆಯನ್ನು ಮೊದಲು ನೀರಿನಲ್ಲಿ ನೆನೆಸಿಡುತ್ತೇನೆ, ಸುತ್ತಿದ ಮೇಲೆ ಸಣ್ಣ ತಂತಿಯನ್ನು ಅಡ್ಡ ಸುತ್ತಿ ಬಿಗಿಯುತ್ತೇನೆ. ರೆಕ್ಕೆಗೆ ವುಡ್ ಡಕ್ ಬಾತುಕೋಳಿಯ ಪಕ್ಕೆಗರಿ, ಕಾಲಿಗೆ ಹುಂಜದ ಕುತ್ತಿಗೆಯ ಬೂದು ಗರಿ. ಒಂದಕ್ಕೆ ಇಪ್ಪತ್ತು ನಿಮಿಷ. ತೋಟದಲ್ಲಿ ಬಿದ್ದ ನವಿಲುಗರಿಯನ್ನು ಪುಸ್ತಕದೊಳಗಿಟ್ಟು ಮರಿ ಹಾಕುತ್ತದೆಂದು ಕಾದಿದ್ದ ಹುಡುಗಿ ನಾನು. ಅದೇ ಗರಿ ಇಲ್ಲಿ ದೀಪದ ಕೆಳಗೆ ಹುಳುವಾಗುತ್ತದೆ.

ಕೈ ನೋಯುವಾಗ ಎದ್ದು ಬೇರೆ ಕೆಲಸ. ನೀರಿಗಿಳಿಯುವಾಗ ತೊಡುವ ನೀರುನಿರೋಧಕ ಉಡುಪು ವೇಡರ್‌ನ ತೂತು ಹುಡುಕಿ ಅಂಟು ಹಚ್ಚುವುದು, ದಾರ ತೊಳೆಯುವುದು. ಅವು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತವೆ.

ಹೊಳೆಗೆ ಹೋಗುವುದನ್ನಂತೂ ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಗಾಳದ ಕೋಲಿಲ್ಲದೆ ಹೋಗುತ್ತೇನೆ. ದಾರಿಯ ಮೇಪಲ್ ಮರಗಳಿಗೆ ಈಗ ಬಕೆಟ್ಟು ಕಟ್ಟಿದ್ದಾರೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಈ ವಾರಗಳಲ್ಲೇ ಮರ ರಸ ಇಳಿಸುವುದು. ಸುಮಾರು ನಲವತ್ತು ಲೀಟರ್ ರಸ ಕಾಯಿಸಿದರೆ ಒಂದು ಲೀಟರ್ ಪಾಕ. ಆ ಹಬೆಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ನನಗೆ ಆಲೆಮನೆಯ ಕೊಪ್ಪರಿಗೆಯದೇ ನೆನಪು. ನಮ್ಮಲ್ಲೂ ಜೋನಿಬೆಲ್ಲ ಕಾಯಿಸುವ ದಿನಗಳು ಇವೇ.

ಮೊನ್ನೆ ಶನಿವಾರ ಲಿವಿಂಗ್‌ಸ್ಟನ್ ಮ್ಯಾನರ್ ಹತ್ತಿರ, 1860ರಲ್ಲಿ ಕಟ್ಟಿದ ಮಾಡು ಹೊದಿಸಿದ ಮರದ ಸೇತುವೆ ಇದೆಯಲ್ಲ, ಅದರ ಪಕ್ಕ ವಿಲೋವೀಮಾಕ್ ದಂಡೆಯಲ್ಲಿ ನಿಂತಿದ್ದೆ. ಅಂಚಿನಲ್ಲಿ ಮಂಜುಗಡ್ಡೆಯ ಹಲಗೆ, ನಡುವೆ ಕಪ್ಪು ನೀರು. ಬಿಳಿ ಹಿಮದ ಮೇಲೆ ಕರಿ ಎಳ್ಳಿನ ಹಾಗೆ ಏನೋ ಚಲಿಸಿತು. ಬಗ್ಗಿ ನೋಡಿದರೆ ಸ್ಟೋನ್‌ಫ್ಲೈ. ಮುಕ್ಕಾಲು ಅಂಗುಲವೂ ಇಲ್ಲದ ಕಪ್ಪು ಹುಳು, ರೆಕ್ಕೆಗಳನ್ನು ಬೆನ್ನ ಮೇಲೆ ಮಡಚಿಕೊಂಡು, ನೀರಿನಿಂದೆದ್ದು ಹಿಮದ ಮೇಲೆ ನಡೆದು ಮರದ ಕಡೆಗೆ ಹೊರಟಿತ್ತು. ಬೇರೆ ಹೆಚ್ಚಿನ ಹುಳುಗಳು ತಳದ ಕಲ್ಲಡಿಯಲ್ಲಿ ಇನ್ನೂ ಮರಿಗಳಾಗಿರುವಾಗ ಇದು ಫೆಬ್ರವರಿ, ಮಾರ್ಚಿನ ಚಳಿಯಲ್ಲೇ ಮೇಲೆ ಬರುತ್ತದೆ. ಬೆರಳು ಅಡ್ಡ ಇಟ್ಟೆ. ಹತ್ತಿತು, ಉಗುರಿನ ತುದಿಯವರೆಗೆ ಬಂದು ಮೀಸೆ ಆಡಿಸಿತು, ಇಳಿದು ತನ್ನ ದಾರಿ ಹಿಡಿಯಿತು.

ಮಡುವಿನ ಕೊನೆಯಲ್ಲಿ, ನೀರು ತೆಳುವಾಗಿ ಹರಿಯುವಲ್ಲಿ, ನವೆಂಬರಿನಲ್ಲಿ ಜೋಡಿಮೀನು ಕಂಡ ಜಾಗ. ಈಗ ಅಲ್ಲಿ ಏನೂ ಕಾಣಿಸಲಿಲ್ಲ, ತಳದ ಕಲ್ಲೆಲ್ಲ ಒಂದೇ ಬಣ್ಣ. ದಂಡೆಯಿಂದಲೇ ದಾರ ಕಟ್ಟಿದ ಥರ್ಮಾಮೀಟರನ್ನು ನೀರಿಗೆ ಬಿಟ್ಟು, ನೂರರವರೆಗೆ ಎಣಿಸಿ ಮೇಲೆತ್ತಿದೆ. ಎರಡು ಡಿಗ್ರಿ.

ಮರುದಿನ ಅಮ್ಮ ಫೋನ್ ಮಾಡಿದಾಗ ಹದಿನಾಲ್ಕನೇ ಫ್ಲೈ ಗಾಳ ಹಿಡಿಯುವ ಇಕ್ಕಳದಲ್ಲಿತ್ತು. "ಕರಗ್ತೇನೆ ಹೊಳೆ?" ಅಂದಳು.

"ಇನ್ನೂ ಎಂಟು ಡಿಗ್ರಿ ಬಾಕಿ ಅಮ್ಮ."

"ಹಂಗಾರೆ ಯುಗಾದಿ ಕಳೀಬೇಕು ಬಿಡು," ಎಂದು, ಹಿತ್ತಲಿನ ಹಲಸಿನ ಮರ ಈ ಸಲ ಎಷ್ಟು ಕಾಯಿ ಬಿಟ್ಟಿದೆ ಎಂದು ಹೇಳತೊಡಗಿದಳು.